ಎಂಜಿನ್ನಿನ ಶಕ್ತಿ ಕುಗ್ಗಿದಾಗ
(ವಾರ್ಷಿಕ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



2023ನೆಯ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಏರಿದ ತರಬೇತಿಯ ಪುಟ್ಟ ವಿಮಾನವೊಂದು ತಾಂತ್ರಿಕ ದೋಷದಿಂದ ಸಮೀಪದ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿ ಉಳಿದರು. ಗಡಹಿಂಗ್ಲಜದವರಿಗೆ ಸಾಂಬ್ರಾ ದೂರದ ಊರೇನಲ್ಲ. ಕೊಲ್ಹಾಪುರದಲ್ಲಿಯೂ 1939ರಷ್ಟು ಹಿಂದೆಯೇ ವಿಮಾನ ನಿಲ್ದಾಣವಾಯಿತು. ಆದಕಾರಣ ವೈಮಾನಿಕರಾಗಬೇಕೆಂಬ ಆಸೆ ನಮ್ಮ ಮಕ್ಕಳಲ್ಲಿ ಹುಟ್ಟಿದರೆ ಸೋಜಿಗವಿಲ್ಲ. ಇಂಥ ಸುದ್ದಿ ಕೇಳಿ "ಆ ಹುಚ್ಚು ಬೇಡ" ಎನ್ನುವ ತಾಯಂದಿರೂ ಇದ್ದಾರೆ. ಅವರ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಅಂಜಬೇಕಾದುದು ಯಾವುದಕ್ಕೆಂಬುದನ್ನು ಅರಿತು ಅಂಜುವುದು ಲೇಸು.

ಇಚಲಕರಂಜಿಯಲ್ಲಿ ವಿದ್ಯುತ್ತು ಹೋದೊಡನೆ ಮಗ್ಗ ನಿಲ್ಲುತ್ತದೆ. ಎಂಜಿನ್ನು ಸೋತರೆ ವಿಮಾನವೂ ಹಾಗೆಯೇ ನಿಂತು ಕಲ್ಲಿನಂತೆ ಬೀಳುವುದೆಂದು ಅನೇಕರು ತಿಳಿದಿದ್ದಾರೆ. ಅದು ನಿಜವಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಆ ರೆಕ್ಕೆಗೆ ಬೇಕಾದ ವೇಗವನ್ನು ಎಂಜಿನ್ನು ಒದಗಿಸುತ್ತದೆ. ರೆಕ್ಕೆ ಬಡಿಯದೆ ತೇಲುವ ಹದ್ದನ್ನು ನೋಡಿರಿ. ನಾಲ್ವರು ಕೂಡಬಹುದಾದ ಸೆಸ್ನಾ 172 ಎಂಬ ವಿಮಾನವು ಎಂಜಿನ್ನು ಸೋತ ಮೇಲೂ, ಗಾಳಿಯಿಲ್ಲದ ದಿನ, 1,000 ಅಡಿ ಎತ್ತರದಿಂದ ಸುಮಾರು 9,000 ಅಡಿ ತೇಲಿ ಹೋಗಬಲ್ಲುದು. ಅಂದರೆ ಪೌಣೆ ಮೂರು ಕಿಲೋಮೀಟರು!

ಶಕ್ತಿ ಕುಗ್ಗಲು ಕಾರಣಗಳು ಹಲವು. ಪೆಟ್ರೋಲು ಮುಗಿದಿರಬಹುದು, ಅದರಲ್ಲಿ ನೀರು ಬೆರೆತಿರಬಹುದು. ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇರುವ ತೇವದ ದಿನದಲ್ಲಿಯೂ ಕಾರ್ಬ್ಯುರೇಟರಿನೊಳಗೆ ಹಿಮಗಟ್ಟುವುದುಂಟು. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದೇ ಇದರ ಮುಖ್ಯ ಕಾರಣ.

ನಿಜವಾದ ಅಪಾಯ ಆಮೇಲಿನದು. ನೆಲ ಹತ್ತಿರವಾಗುತ್ತ ಬಂದಂತೆ ವಿಮಾನದ ಮೂತಿಯನ್ನು ಮೇಲಕ್ಕೆತ್ತಲು ಕೈ ತಾನಾಗಿಯೇ ಹವಣಿಸುತ್ತದೆ. ಎತ್ತಿದರೆ ವೇಗ ಕುಂದಿ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಆಗ ವಿಮಾನ ನಿಜವಾಗಿಯೂ ಬೀಳುತ್ತದೆ. ಆದುದರಿಂದ ಮೂತಿಯನ್ನು ತಗ್ಗಿಸಿ, ಎತ್ತರವನ್ನು ತೆತ್ತು ವೇಗವನ್ನು ಕಾಯ್ದುಕೊಳ್ಳಬೇಕು. ಏರಿದ ಕೂಡಲೇ ಶಕ್ತಿ ಹೋದರೆ ನಿಲ್ದಾಣದತ್ತ ಹೊರಳಬಾರದೆಂದೂ ಎದುರಿನ ಬಯಲನ್ನೇ ಆರಿಸಬೇಕೆಂದೂ ಕಲಿಸುತ್ತಾರೆ, ಏಕೆಂದರೆ ಹೊರಳುವಾಗ ಎತ್ತರ ಬೇಗ ಕರಗುತ್ತದೆ. ನಮ್ಮ ಸೀಮೆಯ ಆಳೆತ್ತರದ ಕಬ್ಬು ಮೇಲಿನಿಂದ ಹಾಸಿಗೆಯಂತೆ ಕಂಡೀತು. ಅದರಲ್ಲಿ ಚಕ್ರ ಸಿಕ್ಕಿ ವಿಮಾನ ಮಗುಚುವ ಸಂಭವವಿದೆ. ಕಟಾವಾದ ಹೊಲವೇ ವಾಸಿ. ತರಬೇತಿಯಲ್ಲಿ ಶಿಕ್ಷಕರು ಹಠಾತ್ತನೆ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ "ಈಗ ಎಲ್ಲಿ ಇಳಿಯುವಿರಿ?" ಎಂದು ಕೇಳುತ್ತಾರೆ. ನಮ್ಮ ಶಾಲೆಯ ಹಠಾತ್ ಪರೀಕ್ಷೆಗೆ ಗೊಣಗುವವರು ಇದನ್ನು ಗಮನಿಸಬೇಕು!

ಇನ್ನೊಂದು ಮಾತು. ನಮ್ಮ ಯಾವುದಾದರೂ ಹೊಲದಲ್ಲಿ ಅಂಥ ವಿಮಾನ ಇಳಿದರೆ, ಮಕ್ಕಳೇ, ಓಡಿಹೋಗಿ ಮುತ್ತಬೇಡಿರಿ, ಪೆಟ್ರೋಲು ಸೋರುತ್ತಿದ್ದೀತು. 112ಕ್ಕೆ ದೂರವಾಣಿ ಮಾಡಿ ಹಿರಿಯರನ್ನು ಕರೆಯಿರಿ. ಬೀಡಿ ಹಚ್ಚುವ ಹಿರಿಯರನ್ನು ಮಾತ್ರ ದೂರ ನಿಲ್ಲಿಸಿರಿ.