ಕಿಲೋಮೀಟರಿಗೆ 16 ಸೆಕೆಂಡ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ 1994ರ ಎಸ್ಸೆಸ್ಸೆಲ್ಸಿ ತಂಡದ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ನಿರೂಪಕರು ನನ್ನನ್ನು ಮ್ಯಾರಥಾನ್ ಓಟಗಾರ್ತಿ ಎಂದು ಪರಿಚಯ ಮಾಡಿಕೊಟ್ಟಾಗ ಹಿಂದಿನ ಸಾಲಿನಲ್ಲಿ ಯಾರೋ "ಎಷ್ಟನೇ ಬಹುಮಾನ ಬಂತಂತೆ?" ಎಂದು ಕೇಳಿದ್ದು ನನಗೂ ಕೇಳಿಸಿತು. ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಬಹುಮಾನ ಬಂದಿಲ್ಲ, ಬರುವುದೂ ಇಲ್ಲ. ಮುಂಬೈಯಲ್ಲಿ ನನ್ನ ಮುಂದೆ ಸಾವಿರಾರು ಜನ ಓಡಿದರು. ಓಡಿ ಮುಗಿಸಿದವರಿಗೆಲ್ಲ ಕೊಡುವ ಪದಕವೊಂದನ್ನು ಕೊಟ್ಟರು. ಅದನ್ನು ದೇವರ ಮನೆಯ ಮೊಳೆಗೆ ತೂಗುಹಾಕಿದ್ದೇವೆ. ನಮ್ಮ ಅತ್ತೆ ಶುಕ್ರವಾರ ಅದಕ್ಕೂ ಕುಂಕುಮ ಹಚ್ಚುತ್ತಾರೆ. ನಾನು ಓಡಿದ್ದು ನನ್ನದೇ ಹಳೆಯ ಸಮಯಕ್ಕಿಂತ ಬೇಗ ಮುಗಿಸಬೇಕು ಅಂತ. ಓಟಗಾರರು ಇದನ್ನು ಪರ್ಸನಲ್ ಬೆಸ್ಟ್ ಅನ್ನುತ್ತಾರೆ.

ಮ್ಯಾರಥಾನ್ ಅಂದರೆ 42 ಕಿಲೋಮೀಟರ್ 195 ಮೀಟರ್. ಮಕ್ಕಳಿಗೆ ತಿಳಿಯುವ ಹಾಗೆ ಹೇಳಬೇಕೆಂದರೆ, ನಮ್ಮ ತೋರಣಗಲ್ಲಿನಿಂದ ಹೊರಟು ಹೊಸಪೇಟೆ ಮುಟ್ಟಿ, ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂರದೆ ಹಂಪಿ ವಿರೂಪಾಕ್ಷನ ಗೋಪುರದವರೆಗೆ ಓಡಿದರೆ ಹೆಚ್ಚೂ ಕಡಿಮೆ ಅಷ್ಟಾಗುತ್ತದೆ. ಆ ಚಿಲ್ಲರೆ 195 ಮೀಟರ್ ಯಾಕೆ ಅಂದರೆ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅರಮನೆಯಿಂದ ಕ್ರೀಡಾಂಗಣದವರೆಗೆ ಅಳೆದ ದೂರ ಅಷ್ಟಿತ್ತು. 1921ರಲ್ಲಿ ಅದನ್ನೇ ಖಾಯಂ ಮಾಡಿದರು.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಭಾರತದ ತಂಡ ಅಂತ ಒಂದು ಒಲಿಂಪಿಕ್ಸ್‌ಗೆ ಹೋಗಿದ್ದು 1920ರಲ್ಲಿ, ಬೆಲ್ಜಿಯಂನ ಆಂಟ್‌ವರ್ಪ್‌ಗೆ. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಅಲ್ಲಿ ದೂರವನ್ನು ಇನ್ನೂ ಅರ್ಧ ಕಿಲೋಮೀಟರ್ ಜಾಸ್ತಿಯೇ ಇಟ್ಟಿದ್ದರು, 42.75 ಕಿಲೋಮೀಟರ್. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಲೆಕ್ಕ ಹಾಕಿ ನೋಡಿ, ಕಿಲೋಮೀಟರಿಗೆ 4 ನಿಮಿಷ. ನೂರು ವರ್ಷದ ಹಿಂದಿನ ಮಾತು. ಇವತ್ತಿನ ಬೂಟು ಹಾಕಿಕೊಂಡು, ಕೈಗೆ ಗಡಿಯಾರ ಕಟ್ಟಿಕೊಂಡು ಓಡುವ ನಮ್ಮಂಥ ನೂರು ಜನರಲ್ಲಿ ಆ ವೇಗ ಎಷ್ಟು ಮಂದಿಗೆ ದಕ್ಕುತ್ತದೆಯೋ! ಬೂಟಿನ ಮಾತು ಬಂತಲ್ಲ, ಬಿಹಾರದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಓಡಿ 11ನೆಯವರಾದರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಮಾಡಿದ 2 ಗಂಟೆ 12 ನಿಮಿಷದ ದಾಖಲೆಯನ್ನು ನಾಲ್ಕು ದಶಕ ದಾಟಿದರೂ ಯಾವ ಭಾರತೀಯನಿಗೂ ಮುರಿಯಲಾಗಲಿಲ್ಲ.

ಇವೆಲ್ಲ ಗಂಡಸರ ಕತೆ. ಹೆಂಗಸರ ಕತೆ ತಡವಾಗಿ ಶುರುವಾಗುತ್ತದೆ. 1928ರಲ್ಲಿ ಒಮ್ಮೆ 800 ಮೀಟರ್ ಓಡಿಸಿದರು, ಹೆಂಗಸರ ಮೈ ತಡೆಯುವುದಿಲ್ಲ ಎಂದು ನಿಲ್ಲಿಸಿದರು. ಆಮೇಲೆ 1960ರವರೆಗೆ ಒಲಿಂಪಿಕ್ಸ್‌ನಲ್ಲಿ ನಮಗೆ 200 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಹೆರಿಗೆ ತಡೆಯುವ ಮೈ 800 ಮೀಟರ್ ತಡೆಯುವುದಿಲ್ಲವೇ ಎಂದು ಆಗ ಯಾರೂ ಕೇಳಲಿಲ್ಲವೇನೋ. ಹೆಂಗಸರಿಗೆ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಮೆರಿಕದ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದರು. ಆ ವರ್ಷ ನಾನು ಸ್ಲೇಟು ಹಿಡಿದು ಒಂದನೇ ತರಗತಿಗೆ ಸೇರಿದ್ದೆ.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ನನ್ನ ಹಿಂದಿನ ಸಮಯ 4 ಗಂಟೆ 11 ನಿಮಿಷ 20 ಸೆಕೆಂಡ್. ನಾಲ್ಕು ಗಂಟೆಯ ಒಳಗೆ ಬರಬೇಕು ಎಂಬುದು ಆಸೆ. ಹನ್ನೊಂದೂವರೆ ನಿಮಿಷ ಅಂದರೆ ಬೆಟ್ಟದಂತೆ ಕಾಣುತ್ತದೆ. 42ರಿಂದ ಭಾಗಿಸಿದರೆ ಕಿಲೋಮೀಟರಿಗೆ 16 ಸೆಕೆಂಡ್. 5 ನಿಮಿಷ 57 ಸೆಕೆಂಡಿಗೆ ಓಡುತ್ತಿದ್ದ ಕಿಲೋಮೀಟರನ್ನು 5 ನಿಮಿಷ 41 ಸೆಕೆಂಡಿಗೆ ಓಡಬೇಕು. 16 ಸೆಕೆಂಡ್ ಅಂದರೆ ಬೂಟಿನ ಲಾಡಿ ಕಟ್ಟುವಷ್ಟು ಹೊತ್ತು. ಅದನ್ನು ಎಲ್ಲಿಂದ ತರುವುದು? ನಲವತ್ತಾರು ದಾಟಿದ ಮೈಯಲ್ಲಿ ಅದು ಎಲ್ಲಾದರೂ ಉಳಿದಿದೆಯೇ?

ನಾನು ನರ್ಸ್. ಹುಡುಕುವುದನ್ನು ಬೂಟಿನ ಅಂಗಡಿಯಿಂದ ಶುರು ಮಾಡಲಿಲ್ಲ, ರಕ್ತದಿಂದ ಶುರು ಮಾಡಿದೆ. ಜೂನ್ ತಿಂಗಳಲ್ಲಿ ಪರೀಕ್ಷೆ ಮಾಡಿಸಿದಾಗ ನನ್ನ ಹಿಮೋಗ್ಲೋಬಿನ್ 10.2 ಇತ್ತು. ಹೆಂಗಸರಿಗೆ ಕನಿಷ್ಠ 12 ಇರಬೇಕು. ಉಸಿರಿನ ಆಮ್ಲಜನಕವನ್ನು ಕಾಲಿನ ಸ್ನಾಯುವಿಗೆ ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಅದು ಕಬ್ಬಿಣದಿಂದ ಆಗುವಂಥದ್ದು. ನಮ್ಮ ಊರು ನೋಡಿ: ಸಂಡೂರಿನ ಗುಡ್ಡವೆಲ್ಲ ಕಬ್ಬಿಣ, ಲಾರಿಯಲ್ಲಿ ಹೋಗುವುದು ಕಬ್ಬಿಣ, ರೈಲಿನಲ್ಲಿ ಬರುವುದು ಕಬ್ಬಿಣ, ಒಣಗಿಸಿದ ಸೀರೆಯ ಮೇಲೆ ಕೂರುವ ಕೆಂಪು ಧೂಳೂ ಕಬ್ಬಿಣ. ಮೈಯೊಳಗೆ ಮಾತ್ರ ಇಲ್ಲ. ಇದು ನನ್ನೊಬ್ಬಳ ಸಂಗತಿ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಈ ಸಭೆಯಲ್ಲಿ ಕೂತಿರುವ ಅಕ್ಕತಂಗಿಯರನ್ನು ಎಣಿಸಿದರೂ ಲೆಕ್ಕ ತೀರಾ ಬೇರೆಯಾಗಲಿಕ್ಕಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೆ ಕಣ್ಣು ಕತ್ತಲೆ, ಇವನ್ನು ನಾವು ವಯಸ್ಸು ಅಂತಲೋ ಕೆಲಸ ಜಾಸ್ತಿ ಅಂತಲೋ ತಳ್ಳಿಹಾಕುತ್ತೇವೆ.

ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಮೂರು ತಿಂಗಳು ತೆಗೆದುಕೊಂಡೆ. ಮಾತ್ರೆಯ ಜೊತೆ ನಿಂಬೆ ಪಾನಕ ಕುಡಿದರೆ ಮೈಗೆ ಹತ್ತುತ್ತದೆ, ಚಹಾ ಕುಡಿದರೆ ಹತ್ತುವುದಿಲ್ಲ. ನಮ್ಮಲ್ಲಿ ರೊಟ್ಟಿ ಉಂಡು ಕೈತೊಳೆಯುವ ಮೊದಲೇ ಚಹಾ ಬರುತ್ತದೆ. ಅದನ್ನು ಒಂದು ಗಂಟೆ ಆಚೆಗೆ ಸರಿಸಿದೆ. ಇದು ಹೇಳಿದಷ್ಟು ಸುಲಭವಲ್ಲ, ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ 12.4. ಇನ್ನೂ ಒಂದು ದಿನವೂ ಜೋರಾಗಿ ಓಡಿರಲಿಲ್ಲ, ಆದರೆ ನಾನು ಹುಡುಕುತ್ತಿದ್ದ 16 ಸೆಕೆಂಡಿನಲ್ಲಿ ಕೆಲವು ಆಗಲೇ ಸಿಕ್ಕಿದ್ದವು ಎಂದು ನನ್ನ ನಂಬಿಕೆ.

ತರಬೇತಿ 18 ವಾರ. ವಾರಕ್ಕೆ ನಾಲ್ಕು ದಿನ ಓಟ. ಇದರಲ್ಲಿ ಎಲ್ಲರಿಗೂ ಆಶ್ಚರ್ಯ ತರುವ ವಿಷಯ, ಜೋರಾಗಿ ಓಡಲಿಕ್ಕೆ ನಿಧಾನವಾಗಿ ಓಡಬೇಕು. ಮೂರು ದಿನ ನಾನು ಓಡಿದ್ದು ಕಿಲೋಮೀಟರಿಗೆ ಏಳು ನಿಮಿಷದ ವೇಗದಲ್ಲಿ, ಅಂದರೆ ಪಕ್ಕದವರ ಜೊತೆ ಮಾತಾಡುತ್ತ ಓಡಬಹುದಾದ ವೇಗದಲ್ಲಿ. ಸೈಕಲ್ಲಿನ ಹುಡುಗರು ನಗುತ್ತ ದಾಟಿಹೋಗುತ್ತಿದ್ದರು. ಅದರ ಕಾರಣ ಇಷ್ಟೇ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಿಂದ ಸಿಗುವುದು ಸುಮಾರು 2000 ಕ್ಯಾಲೊರಿ. ಒಂದು ಕಿಲೋಮೀಟರ್ ಓಡಲು ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಬೇಕು. ನನ್ನ ತೂಕ 56 ಕಿಲೋ; ಪೂರ್ತಿ ದೂರಕ್ಕೆ 2300ಕ್ಕೂ ಹೆಚ್ಚು ಬೇಕು. ಸಾಲದು. ಆದ್ದರಿಂದಲೇ 30-32 ಕಿಲೋಮೀಟರ್ ಹತ್ತಿರ ಎಷ್ಟೋ ಜನ ಗಾಡಿಯ ಪೆಟ್ರೋಲ್ ತೀರಿದ ಹಾಗೆ ನಿಂತುಬಿಡುತ್ತಾರೆ. ಆದರೆ ಕೊಬ್ಬು ಎಲ್ಲರ ಮೈಯಲ್ಲೂ ಬೇಕಾದಷ್ಟಿದೆ. ನಿಧಾನವಾಗಿ ಬಹಳ ಹೊತ್ತು ಓಡಿದರೆ ಮೈ ಕೊಬ್ಬನ್ನು ಉರಿಸುವುದು ಕಲಿಯುತ್ತದೆ, ಸಕ್ಕರೆಯನ್ನು ಉಳಿಸಿಕೊಳ್ಳುತ್ತದೆ. ಭಾನುವಾರದ ಉದ್ದ ಓಟ 16 ಕಿಲೋಮೀಟರಿನಿಂದ ಶುರುವಾಗಿ ಡಿಸೆಂಬರ್ ಕೊನೆಗೆ 32ಕ್ಕೆ ಮುಟ್ಟಿತು. ದಾರಿಯಲ್ಲಿ ತಿನ್ನಲು ಕೆಲವರು ದುಬಾರಿ ಜೆಲ್ ಪೊಟ್ಟಣ ಇಟ್ಟುಕೊಳ್ಳುತ್ತಾರೆ. ನನಗೆ ಬೀಜ ತೆಗೆದ ಖರ್ಜೂರ ಸಾಕಾಯಿತು. ಬೆಲ್ಲವೂ ನಡೆಯುತ್ತದೆ, ಆದರೆ ಓಡುವಾಗ ಹಲ್ಲಿಗೆ ಅಂಟುತ್ತದೆ.

ಬುಧವಾರ ಮಾತ್ರ ಜೋರು ಓಟ. 800 ಮೀಟರ್ ಬಿಗಿಯಾಗಿ ಓಡುವುದು, ಮೂರು ನಿಮಿಷ ನಡೆಯುವುದು, ಹೀಗೆ ಆರು ಸಲ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಓಡಲೇ ಇಲ್ಲ, ಮಲಗಿದೆ. ನಿದ್ದೆಯೂ ತರಬೇತಿಯೇ. ನಮ್ಮೂರಲ್ಲಿ ಪಾಳಿ ಕೆಲಸ ಮಾಡುವ ಮನೆಗಳೇ ಹೆಚ್ಚು, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಓಡುವುದು ಎಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಸೆಪ್ಟೆಂಬರಿನಲ್ಲೂ ಏಳು ಗಂಟೆಗೆಲ್ಲ ಬಿಸಿಲು ಚುರುಕು. ಹಾಗಾಗಿ ಐದಕ್ಕೇ ಹೊರಡಬೇಕು. ಆ ಕತ್ತಲಲ್ಲಿ ದರೋಜಿ ಕಡೆ ಹೋಗುವ ಹಾಗಿಲ್ಲ, ಕರಡಿಗಳು ಹೊಲಗಳಿಂದ ಗುಡ್ಡಕ್ಕೆ ಮರಳುವ ಹೊತ್ತು ಅದು. ನಾವು ಎಸ್ಸೆಸ್ಸೆಲ್ಸಿ ಮುಗಿಸಿದ 1994ರಲ್ಲೇ ಅಲ್ಲಿ ಕರಡಿಧಾಮ ಆಯಿತು. ದಾರಿ ಅವುಗಳದ್ದು, ನಾವು ಬಿಟ್ಟುಕೊಡಬೇಕು. ಹೆದ್ದಾರಿಯಲ್ಲಿ ಲಾರಿ. ಊರೊಳಗೆ ನಾಯಿ. ಇವೆಲ್ಲಕ್ಕಿಂತ ಹೆಚ್ಚಾಗಿ, ಹೆಂಗಸೊಬ್ಬಳು ಕತ್ತಲಲ್ಲಿ ಒಬ್ಬಳೇ ಓಡುವುದು. ಮೊದಮೊದಲು ಹಿರಿಯರೊಬ್ಬರು ಗಾಡಿ ನಿಲ್ಲಿಸಿ, "ಯಾಕವ್ವಾ, ಬಸ್ಸು ತಪ್ಪಿತೇನು? ಹತ್ತು, ಬಿಟ್ಟು ಬರ್ತೀನಿ" ಅಂದರು. ಅದು ಪ್ರೀತಿಯ ಮಾತು. ಎಲ್ಲರ ಮಾತೂ ಹಾಗಿರಲಿಲ್ಲ. ನಮ್ಮ ಯಜಮಾನರು ಹದಿನೆಂಟು ವಾರವೂ ಟಿವಿಎಸ್ ಎಕ್ಸೆಲ್ ಮೇಲೆ ಹಿಂದೆ ಹಿಂದೆ ಬಂದರು, ದೀಪ ಹಾಕಿಕೊಂಡು, ನೀರಿನ ಬಾಟಲಿ ಇಟ್ಟುಕೊಂಡು. ಏಳು ನಿಮಿಷಕ್ಕೆ ಒಂದು ಕಿಲೋಮೀಟರ್ ಗಾಡಿ ಓಡಿಸುವುದು ಎಷ್ಟು ಕಷ್ಟ ಎಂದು ಅವರನ್ನೇ ಕೇಳಿ. ನವೆಂಬರ್ ಹೊತ್ತಿಗೆ ಇನ್ನಿಬ್ಬರು ಹೆಂಗಸರು ಜೊತೆಯಾದರು. ಮೂವರಾದ ಮೇಲೆ ಮಾತುಗಳು ನಿಂತವು.

ಏರು ಓಡಲು ನಾಲ್ಕು ಭಾನುವಾರ ಸಂಡೂರಿಗೆ ಹೋಗಿ ಕುಮಾರಸ್ವಾಮಿ ಗುಡಿಯ ಗುಡ್ಡದ ದಾರಿ ಹತ್ತಿದೆವು. ಮಳೆಗಾಲ ಮುಗಿದ ಮೇಲಿನ ಆ ಹಸಿರು, ಕೆಳಗೆ ಮಂಜು, ಅದನ್ನು ನೋಡಲಿಕ್ಕಾದರೂ ನೀವೊಮ್ಮೆ ನಡೆದೇ ಹತ್ತಿ. ಹಿಂದಿರುಗುವಾಗ ನನ್ನ ಬಿಳಿ ಬೂಟು ಇಟ್ಟಿಗೆ ಬಣ್ಣವಾಗಿತ್ತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಆ ಬಣ್ಣದಲ್ಲೇ ಮುಂಬೈಗೆ ಹೋಯಿತು.

ಮುಂಬೈ ಮ್ಯಾರಥಾನ್ 2004ರಿಂದ ನಡೆಯುತ್ತಿದೆ, ಜನವರಿಯ ಮೂರನೇ ಭಾನುವಾರ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದ ಎದುರಿನಿಂದ ಬೆಳಕು ಹರಿಯುವ ಮೊದಲೇ ಬಿಟ್ಟರು. ಬಾಂದ್ರಾ-ವರ್ಲಿ ಸಮುದ್ರ ಸೇತುವೆಯ ಮೇಲೆ ಬೇರೆ ದಿನ ಕಾಲ್ನಡಿಗೆಯವರನ್ನು ಬಿಡುವುದಿಲ್ಲ. ಅವತ್ತು ಆ ಸೇತುವೆ ನಮ್ಮದು. ಕೆಳಗೆ ಸಮುದ್ರ ಕಪ್ಪಗಿತ್ತು, ಮೇಲೆ ಸಾವಿರಾರು ಕಾಲುಗಳ ಸಪ್ಪಳ ಬಿಟ್ಟರೆ ಬೇರೆ ಶಬ್ದವಿಲ್ಲ. ಅರ್ಧ ದೂರವನ್ನು 1 ಗಂಟೆ 59 ನಿಮಿಷ 50 ಸೆಕೆಂಡಿಗೆ ದಾಟಿದೆ. ಲೆಕ್ಕ ಸರಿಯಾಗಿತ್ತು. 35ನೇ ಕಿಲೋಮೀಟರಿಗೂ ಸರಿಯಾಗಿತ್ತು, 3 ಗಂಟೆ 19 ನಿಮಿಷ. ಆಮೇಲೆ ಪೆಡ್ಡರ್ ರಸ್ತೆಯ ಏರು ಬರುತ್ತದೆ. ನಮ್ಮ ಕುಮಾರಸ್ವಾಮಿ ಗುಡ್ಡದ ಮುಂದೆ ಅದು ದಿಬ್ಬ. ಆದರೆ 35 ಕಿಲೋಮೀಟರ್ ಓಡಿದ ಮೇಲೆ, ಬಿಸಿಲು ಏರಿ, ಸಮುದ್ರದ ಸೆಕೆಯಲ್ಲಿ ಬೆವರು ಆರದೆ ಮೈಗೆ ಅಂಟಿರುವಾಗ, ದಿಬ್ಬವೂ ಗುಡ್ಡವೇ. ಆ ಒಂದು ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡ್ ಹೋಯಿತು. ಎರಡೂ ಪಕ್ಕ ನಿಂತ ಜನ ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು ಹಿಡಿದುಕೊಂಡು ಗುರುತಿಲ್ಲದ ನಮಗೆ ಕೊಡುತ್ತಿದ್ದರು. ಒಬ್ಬ ಮುದುಕಿ ಮರಾಠಿಯಲ್ಲಿ ಏನೋ ಹೇಳಿ ನನ್ನ ಕೈಗೆ ಒಂದು ಕಿತ್ತಳೆ ತೊಳೆ ಇಟ್ಟರು. ಮಾತು ತಿಳಿಯಲಿಲ್ಲ, ಓಡಿದೆ.

4 ಗಂಟೆ 2 ನಿಮಿಷ 18 ಸೆಕೆಂಡ್.

ಹಳೆಯ ಸಮಯಕ್ಕಿಂತ 9 ನಿಮಿಷ 2 ಸೆಕೆಂಡ್ ಕಡಿಮೆ. ಕಿಲೋಮೀಟರಿಗೆ 16 ಸೆಕೆಂಡ್ ಹುಡುಕಲು ಹೊರಟವಳಿಗೆ 13 ಸಿಕ್ಕಿತು. ಮಿಕ್ಕ ಮೂರು ಚಿಲ್ಲರೆ ಸೆಕೆಂಡ್ ಎಲ್ಲೋ ಇವೆ. ಮುಂದಿನ ಜನವರಿಗೆ ಹುಡುಕುತ್ತೇನೆ. ಮುಗಿಸಿದ ಮೇಲೆ ಅತ್ತೆಗೆ ಫೋನ್ ಮಾಡಿದರೆ, "ಗೆದ್ದೇನವ್ವಾ?" ಅಂದರು. "ಹೂಂ ಅತ್ತಿ" ಅಂದೆ.

ಕೊನೆಗೆ ಎರಡು ಮಾತು. ಮೊದಲನೆಯದು ಹುಡುಗಿಯರಿಗೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಕಬ್ಬಿಣದ ಮಾತ್ರೆ. ಅದು ಕಿಟಕಿಯ ಆಚೆ ಬೀಳುವುದೂ ಉಂಟು ಎಂದು ನನಗೆ ಗೊತ್ತು. ಬರಿ ಹೊಟ್ಟೆಯಲ್ಲಿ ತಿಂದರೆ ವಾಕರಿಕೆ ಬರುತ್ತದೆ, ಊಟ ಆದ ಮೇಲೆ ನುಂಗಿ.

ಎರಡನೆಯದು ಮಹೋತ್ಸವ ಸಮಿತಿಯವರಿಗೆ. ನಮ್ಮ ಪಕ್ಕದ ವಿದ್ಯಾನಗರದಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ನೀರಜ್ ಚೋಪ್ರಾ ಅವರಂಥವರು ಅಲ್ಲಿ ಅಭ್ಯಾಸ ಮಾಡಿದ್ದಾರೆ. ಅದು ದೇಶಕ್ಕೆ ಪದಕ ತರುವವರ ಜಾಗ. ನಾನು ಕೇಳುತ್ತಿರುವುದು ಪದಕ ತರದವರಿಗೆ. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ ಎಂದು ಕೇಳಿದೆ. ಕಟ್ಟಿಸಿ, ಚೆನ್ನಾಗಿರುತ್ತದೆ. ಅದರ ಜೊತೆ ಈ ಮೈದಾನಕ್ಕೆ ಎರಡು ದೀಪ ಹಾಕಿಸಿ, ಬೆಳಗ್ಗೆ ಐದರಿಂದ ಏಳರವರೆಗೆ ಗೇಟು ತೆರೆದಿಡಿ. ಊರಿನ ಹೆಣ್ಣುಮಕ್ಕಳಿಗೆ ಹಿಂದೆ ಗಾಡಿ ತರುವ ಯಜಮಾನರು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಮುಖ್ಯೋಪಾಧ್ಯಾಯರು ಒಪ್ಪಿದರೆ ಬರುವ ಭಾನುವಾರ ನಾನು ಅಳತೆ ಟೇಪು, ಸುಣ್ಣದ ಪುಡಿ ತರುತ್ತೇನೆ. ಸುತ್ತ ಗೆರೆ ಎಳೆಯಲು ಇಬ್ಬರು ಮಕ್ಕಳು ಬೇಕು. ಯಾರು ಬರ್ತೀರಿ, ಕೈ ಎತ್ತಿ.