ಕೆಲಸದಲ್ಲಿ ಮನಸ್ಸು ನಿಲ್ಲಬೇಕಾದರೆ

(ಸುವರ್ಣ ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ನೌಕರರಲ್ಲಿ ಕೆಲಸದ ಉತ್ಸಾಹ ಉಳಿಸುವುದು ಹೇಗೆ’ ಎಂಬುದು. ಫೋನಿನಲ್ಲಿ ಕೇಳಿದಾಗ ನನಗೆ ನಗು ಬಂತು. ಇದು ಬೆಂಗಳೂರಿನ ಕಂಪನಿಗಳಲ್ಲಿ ಆಡುವ ಮಾತು, ನಮ್ಮ ಹಳ್ಳಿ ಹೈಸ್ಕೂಲಿಗೆ ಇದೇನು ಸಂಬಂಧ ಎಂದೆ. ಆಮೇಲೆ ಕೂತು ಯೋಚಿಸಿದೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳಲ್ಲಿ 35 ವರ್ಷ ನೌಕರಿ ಮಾಡಿದ್ದೇನೆ. ಕೊನೆಯ 20 ವರ್ಷ ಮುಖ್ಯಗುರುವಾಗಿದ್ದೆ. ಆ 20 ವರ್ಷಗಳಲ್ಲಿ ನನ್ನ ಟೇಬಲ್ ಮೇಲೆ ಹೆಚ್ಚಾಗಿ ಬಂದ ಕಾಗದ ಯಾವುದು ಎಂದು ನೆನೆದರೆ, ಅದು ವರ್ಗಾವಣೆ ಅರ್ಜಿ. ಹಾಗಾದರೆ ಈ ವಿಷಯ ನಮ್ಮದೇ.

ನಮ್ಮ ಜಿಲ್ಲೆಗೆ ಹಾಕುವುದನ್ನು ನೌಕರರು ‘ಶಿಕ್ಷೆ’ ಎಂದೇ ಹೇಳಿಕೊಳ್ಳುತ್ತಾರೆ. “ಜಾಸ್ತಿ ಮಾತಾಡಿದ್ರ ಯಾದಗಿರಿಗೆ ಹಾಕ್ತಾರ” ಎಂದು ನೌಕರರು ಚೇಷ್ಟೆ ಮಾಡುವುದನ್ನು ನಾನೇ ಕೇಳಿದ್ದೇನೆ. ಚೇಷ್ಟೆಯೇ ಇರಬಹುದು, ಆದರೆ ಅದನ್ನು ಮಕ್ಕಳೂ ಕೇಳುತ್ತಾರೆ. ತನಗೆ ಪಾಠ ಹೇಳುವ ಮೇಷ್ಟ್ರಿಗೆ ತನ್ನ ಊರೇ ಒಂದು ಶಿಕ್ಷೆ ಎಂದು ತಿಳಿದ ಮಗು ಏನೆಂದುಕೊಂಡೀತು?

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ 50.59 ಪಡೆದು ನಾವು ಕೊನೆಯ ಸ್ಥಾನದಲ್ಲಿದ್ದೆವು. ಇಂಥ ಸುದ್ದಿ ಬಂದಾಗಲೆಲ್ಲ ಊರವರು ಶಿಕ್ಷಕರನ್ನು ಬೈಯುತ್ತಾರೆ, ಶಿಕ್ಷಕರು ಪಾಲಕರನ್ನು ಬೈಯುತ್ತಾರೆ, ಇಬ್ಬರೂ ಸೇರಿ ಸರ್ಕಾರವನ್ನು ಬೈಯುತ್ತಾರೆ. ನಾನೂ ಬೈದವನೇ. ಇವತ್ತು ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ.

ನಾನು ಮುಖ್ಯಗುರುವಾದ ಹೊಸದು. ಶಾಲೆ ಯಾವುದೆಂದು ಬೇಡ, ನಮ್ಮ ಕಡೆಯ ಒಂದು ಹಳ್ಳಿ. ಅಲ್ಲಿಗೆ ಬೇರೆ ಜಿಲ್ಲೆಯಿಂದ ಗಣಿತದ ಶಿಕ್ಷಕರೊಬ್ಬರು ಬಂದರು. ಪಾಠ ಚೆನ್ನಾಗಿ ಮಾಡುತ್ತಿದ್ದರು. ಆದರೆ ವಾರದಲ್ಲಿ ಮೂರು ದಿನ ಪ್ರಾರ್ಥನೆ ಮುಗಿದ ಮೇಲೆ ಬರುವರು, ಸಂಜೆ ಗಂಟೆ ಬಾರಿಸಿದ್ದೇ ತಡ ಬಸ್ಸಿಗೆ ಓಡುವರು. ಹಾಜರಿ ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಗುರುತು ಹಾಕುತ್ತಾ ಬಂದೆ. ಒಂದು ದಿನ ಕಾರಣ ಕೇಳಿ ನೋಟಿಸ್ ಕೊಟ್ಟೆ. ಅವರು ಬರೆದ ಉತ್ತರ ಒಂದೇ ಸಾಲು: ಬಸ್ ತಡವಾಗಿ ಬಂದಿದ್ದರಿಂದ ವಿಳಂಬವಾಯಿತು. ಇವರಿಗೆ ಕೆಲಸದ ಮೇಲೆ ಆಸಕ್ತಿಯೇ ಇಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಒಂದು ಸಂಜೆ ನಮ್ಮ ಶಾಲೆಯ ಜವಾನ ಕೋಣೆಗಳಿಗೆ ಕೀಲಿ ಹಾಕುತ್ತಾ ಮೆಲ್ಲಗೆ ಹೇಳಿದ: “ಸರ್, ಅವ್ರಿಗೆ ಊರಾಗ ಯಾರೂ ಮನಿ ಕೊಡವಲ್ರೀ.”

ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮನೆ ಕೇಳಲು ಹೋದಲ್ಲೆಲ್ಲ ಊರವರು ಮೊದಲು ಕೇಳಿದ್ದು ಅವರ ಜಾತಿಯನ್ನು. ಹೀಗಾಗಿ ಅವರು ತಾಲ್ಲೂಕು ಊರಿನಲ್ಲಿ ಒಂದು ಕೋಣೆ ಹಿಡಿದು, ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮರುದಿನ ಅವರನ್ನು ಕರೆದು, ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀವು ಕೇಳಿದ್ದರೆ ಹೇಳ್ತಿದ್ದೆ ಸರ್. ನೀವು ನೋಟಿಸ್ ಕೊಟ್ಟಿರಿ” ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಹಾಗಾಗಿಯೇ ಇವತ್ತಿಗೂ ನನಗೆ ಚುಚ್ಚುತ್ತದೆ.

ಶಾಲಾ ಸಮಿತಿಯ ಅಧ್ಯಕ್ಷರನ್ನು ಕರೆದುಕೊಂಡು ಮನೆ ಮನೆ ತಿರುಗಿದೆ. ಮೊದಲ ಮನೆಯಲ್ಲಿ ಮಗಳ ಮದುವೆ ಇದೆ ಎಂದರು. ಎರಡನೆಯ ಮನೆಯಲ್ಲಿ ಕೋಣೆ ಸೋರುತ್ತದೆ ಎಂದರು. ಮೂರನೆಯ ಮನೆಯಲ್ಲಿ ಯಜಮಾನರಿಲ್ಲ ಎಂದರು, ಯಜಮಾನರು ಒಳಗೆ ಕೆಮ್ಮುತ್ತಿದ್ದರು. ಕೊನೆಗೆ ಒಬ್ಬ ಅಜ್ಜಿ, ಗಂಡ ತೀರಿಕೊಂಡವರು, ಹೇಳಿದರು: “ನನ್ನ ಮಮ್ಮಗ ಇವ್ರ ಕಡೀನೇ ಲೆಕ್ಕ ಕಲೀತಾನ. ಮಾಸ್ತರ್ ನಮ್ಮ ಮನ್ಯಾಗ ಇದ್ರ ಏನಾಗ್ತದ? ಬರ್ರಿ.”

ಆ ಶಿಕ್ಷಕರು ಅಲ್ಲಿ ಆರು ವರ್ಷ ಇದ್ದರು. ಯಾರೂ ಹೇಳದೆಯೇ ಸಂಜೆ ಹತ್ತನೆಯ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು ಲೆಕ್ಕ ಮಾಡಿಸುತ್ತಿದ್ದರು. ಆಮೇಲೆ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲು ವರ್ಗ ಮಾಡಿಸಿಕೊಂಡು ಹೋದರು. ಹೋಗಬಾರದಿತ್ತು ಎಂದು ನಾನು ಹೇಳುವುದಿಲ್ಲ. ಆಸಕ್ತಿ ಇಲ್ಲದ ಮನುಷ್ಯ ಎಂದು ನಾನು ಬರೆದಿಟ್ಟವರು, ಆರು ವರ್ಷ ನನಗಿಂತ ಹೆಚ್ಚು ದುಡಿದರು. ಬದಲಾಗಿದ್ದು ಅವರ ಸ್ವಭಾವವಲ್ಲ, ಅವರಿಗೆ ಸಿಕ್ಕ ಒಂದು ಕೋಣೆ.

ಇದನ್ನು ಪುಸ್ತಕದವರೂ ತಮ್ಮ ರೀತಿಯಲ್ಲಿ ಹೇಳಿದ್ದಾರೆ. ಅಮೆರಿಕದಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಪಿಟ್ಸ್‌ಬರ್ಗ್ ಸುತ್ತಮುತ್ತಲ ಸುಮಾರು 200 ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ, 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕೆಲಸದಲ್ಲಿ ನಿಮಗೆ ಬೇಸರ ತಂದದ್ದು ಯಾವಾಗ, ಸಂತೋಷ ತಂದದ್ದು ಯಾವಾಗ ಎಂದು ಕೇಳಿದ್ದರು. ಬೇಸರಕ್ಕೆ ಕಾರಣ ಹೆಚ್ಚಾಗಿ ಕಚೇರಿಯ ನಿಯಮ, ಮೇಲಧಿಕಾರಿಯ ವರ್ತನೆ, ಸಂಬಳ, ಕೆಲಸದ ಪರಿಸ್ಥಿತಿ. ಸಂತೋಷಕ್ಕೆ ಕಾರಣ ಬೇರೆ: ಕೆಲಸ ಕೈಗೂಡಿದ್ದು, ಅದನ್ನು ಯಾರೋ ಗುರುತಿಸಿದ್ದು, ಜವಾಬ್ದಾರಿ ಸಿಕ್ಕಿದ್ದು. ನಮ್ಮ ಊಟದ ಲೆಕ್ಕದಲ್ಲಿ ಹೇಳುವುದಾದರೆ ಸಂಬಳ, ಮನೆ, ಬಸ್ಸು ಇವು ಉಪ್ಪಿನ ಹಾಗೆ. ಉಪ್ಪಿಲ್ಲದಿದ್ದರೆ ಊಟ ಬಾಯಿಗಿಡಲು ಆಗದು. ಹಾಗೆಂದು ಬರೀ ಉಪ್ಪಿನಿಂದ ಹೊಟ್ಟೆ ತುಂಬದು. ಎರಡೂ ಬೇಕು, ಒಂದರ ಬದಲು ಇನ್ನೊಂದು ನಡೆಯದು.

ಮೊದಲು ಉಪ್ಪಿನ ಮಾತು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ನಮ್ಮ ಸೀಮೆಗೆ ಬರುವಾಗ ಎಂಜಿನಿಯರುಗಳು, ಸಿಬ್ಬಂದಿ ಇರಬೇಕಲ್ಲ ಎಂದು ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ಕ್ಯಾಂಪ್ ಕಟ್ಟಿದರು. ಇರಲು ಕ್ವಾರ್ಟರ್ಸ್ ಕೊಟ್ಟರು. ನೀರು ಹರಿಸುವವರು ನೆಲೆ ನಿಲ್ಲಲು ಮನೆ ಬೇಕು ಎಂದು ಆಗ ಎಲ್ಲರಿಗೂ ಅರ್ಥವಾಗಿತ್ತು. ಅಕ್ಷರ ಹರಿಸುವವರ ವಿಷಯದಲ್ಲಿ ಮಾತ್ರ ನಮಗೆ ಅದು ಹೊಳೆಯುವುದಿಲ್ಲ. “ಮಾಸ್ತರ್ ಊರಾಗ ಇರಂಗಿಲ್ಲ” ಎಂದು ದೂರುತ್ತೇವೆ. ಇರಲು ಜಾಗ ಕೊಟ್ಟಿದ್ದೇವಾ ಎಂದು ಕೇಳಿಕೊಳ್ಳುವುದಿಲ್ಲ.

ಮುಖ್ಯಗುರುಗಳಿಗೂ ಒಂದು ಮಾತು. ಹೈಸ್ಕೂಲಿನಲ್ಲಿ ವೇತನ ಬಟವಾಡೆ ಅಧಿಕಾರಿ ಮುಖ್ಯಗುರುವೇ. ಸಂಬಳದ ಬಿಲ್ಲು ಹೊತ್ತಿಗೆ ಸರಿಯಾಗಿ ಹೋಗಬೇಕು, ವಾರ್ಷಿಕ ಬಡ್ತಿ ತಪ್ಪದೆ ಸೇವಾ ಪುಸ್ತಕಕ್ಕೆ ಏರಬೇಕು. ನಾನು ಒಂದು ಶಾಲೆಗೆ ಹೋದಾಗ ಅಲ್ಲಿನ ಶಿಕ್ಷಕಿಯೊಬ್ಬರ ಬಡ್ತಿ ಎರಡು ವರ್ಷದಿಂದ ಏರಿರಲಿಲ್ಲ. ಕೇಳಿ ಕೇಳಿ ಬೇಸತ್ತು ಸುಮ್ಮನಾಗಿದ್ದರು. ಅದನ್ನು ಸರಿಪಡಿಸಲು ನನಗೆ ಹಿಡಿದದ್ದು ಒಂದು ವಾರ. ಆ ವರ್ಷ ನಾನು ಸಿಬ್ಬಂದಿ ಸಭೆಯಲ್ಲಿ ಮಾಡಿದ ಎಲ್ಲ ಭಾಷಣಗಳಿಗಿಂತ ಆ ಒಂದು ವಾರದ ಕೆಲಸ ಹೆಚ್ಚು ಫಲ ಕೊಟ್ಟಿತು. ಅತಿಥಿ ಶಿಕ್ಷಕರ ಗೌರವಧನದ ಕಾಗದವೂ ಹಾಗೆಯೇ. ಕಾಯಂ ಶಿಕ್ಷಕರಷ್ಟೇ ಪಾಠ ಮಾಡುವ ಆ ಹುಡುಗ ಹುಡುಗಿಯರು, ತಿಂಗಳುಗಟ್ಟಲೆ ಕೈಯಲ್ಲಿ ಕಾಸಿಲ್ಲದೆ ಬಸ್ಸಿನ ಚಾರ್ಜಿಗೆ ಸಾಲ ಮಾಡುವುದನ್ನು ನಾನು ನೋಡಿದ್ದೇನೆ. ಅವರ ಮುಂದೆ ನಿಂತು ಸೇವಾ ಮನೋಭಾವದ ಉಪದೇಶ ಮಾಡಲು ನನಗೆ ಬಾಯಿ ಬರುತ್ತಿರಲಿಲ್ಲ.

ಇನ್ನು ಎರಡನೆಯ ಮಾತು, ಗುರುತಿಸುವುದು. ನಮ್ಮ ನೆಲಕ್ಕೆ ಇದನ್ನು ಅಮೆರಿಕದವರು ಕಲಿಸಬೇಕಾಗಿಲ್ಲ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನವರ ಊರು. ಅವರು ನೇಯ್ಗೆಯವರು, ಜೇಡರ ದಾಸಿಮಯ್ಯ ಎಂದೇ ಹೆಸರಾದರು. 12ನೆಯ ಶತಮಾನದ ಶರಣರ ಹೆಸರುಗಳನ್ನು ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಯಾವ ಕೆಲಸದ ಹೆಸರು ಹಿಡಿದು ಜನ ಕೀಳಾಗಿ ಕರೆಯುತ್ತಿದ್ದರೋ, ಅದೇ ಕೆಲಸ ಅಲ್ಲಿ ಹೆಸರಿನ ಮುಂದೆ ಗೌರವವಾಗಿ ನಿಂತಿತು. ಆದರೆ ಒಂದು ಎಚ್ಚರಿಕೆ. ಕಾಯಕ ಎಂಬ ಮಾತನ್ನು ದುಡಿಯುವವರು ತಮ್ಮ ಬಗ್ಗೆ ಹೇಳಿಕೊಂಡರು. ಕೂಲಿ ಕಡಿಮೆ ಕೊಡಲು ನೆಪ ಹುಡುಕುವವರು ಆ ಮಾತು ಆಡಿದರೆ ಅದು ಮೋಸ.

ನಮ್ಮ ಶಾಲೆಯಲ್ಲಿ ಈ ಗುರುತು ಯಾರಿಗೆ ಸಿಕ್ಕಿಲ್ಲ? ಅಡುಗೆ ಕೋಣೆಯ ಕಡೆ ನೋಡಿ. 2002ರಲ್ಲಿ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದೇ ನಮ್ಮ ಈಶಾನ್ಯದ ಜಿಲ್ಲೆಗಳಲ್ಲಿ. ಆಮೇಲೆ ಹೈಸ್ಕೂಲಿಗೂ ಬಂತು. ಅಡುಗೆ ಮಾಡುವ ತಾಯಂದಿರ ತಿಂಗಳ ಗೌರವಧನ ಇವತ್ತಿಗೂ 5 ಸಾವಿರ ಮುಟ್ಟಿಲ್ಲ. ಅದನ್ನು ಹೆಚ್ಚಿಸುವುದು ನನ್ನ ಕೈಯಲ್ಲಿರಲಿಲ್ಲ. ಆದರೆ ಪ್ರತಿ ವರ್ಷ ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಗ್ರೂಪ್ ಫೋಟೊ ತೆಗೆಸುವಾಗ ಅವರು ಒಲೆಯ ಮುಂದೆಯೇ ಇರುತ್ತಿದ್ದರು, ನಾನು ಕುರ್ಚಿಯ ಮೇಲೆ ಕೂತಿರುತ್ತಿದ್ದೆ. ಅವರನ್ನು ಕರೆಯಲು ದುಡ್ಡು ಬೇಕಿರಲಿಲ್ಲ. ಒಬ್ಬ ಹುಡುಗಿ “ಸರ್, ಅಡುಗಿ ಅವ್ವಗೋಳು ಇಲ್ಲಲ್ರೀ” ಎಂದು ಕೇಳುವ ತನಕ ನನಗೆ ಹೊಳೆದಿರಲೇ ಇಲ್ಲ. ಅವತ್ತು ಅವರು ಸೆರಗಿನಿಂದ ಮುಖ ಒರೆಸಿಕೊಂಡು ಬಂದು ನಿಂತರು. ಆ ಫೋಟೊ ಅವರ ಮನೆಯ ಗೋಡೆಯ ಮೇಲೆ ಇದೆ.

ಮೂರನೆಯದು ಜವಾಬ್ದಾರಿ. ಸುರಪುರದ ಟೇಲರ್ ಮಂಜಿಲ್ ನೀವೆಲ್ಲ ನೋಡಿದ್ದೀರಿ. ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ. ರಾಜ ವೆಂಕಟಪ್ಪ ನಾಯಕರು ಆಗ ಇನ್ನೂ ಬಾಲಕರು. 1853ರವರೆಗೆ ಟೇಲರ್ ಇಲ್ಲೇ ಇದ್ದ. ಬೋನಾಳದ ಕೆರೆಯ ಕೆಲಸ ಮಾಡಿಸಿದ, ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಪ್ರಾಚೀನ ಕಲ್ಲುಸಾಲುಗಳ ಬಗ್ಗೆ ಬರೆದ. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಅವನು ಪರರ ಆಳ್ವಿಕೆಯ ಮನುಷ್ಯ, 1858ರಲ್ಲಿ ಅದೇ ಆಳ್ವಿಕೆಯ ಎದುರು ಸುರಪುರ ದಂಗೆ ಎದ್ದಿತು, ಅದನ್ನು ಮರೆಯಬಾರದು. ಆದರೂ ಕೇಳಬೇಕಾದ ಪ್ರಶ್ನೆ ಇದೆ. ಈ ಬಿಸಿಲಿನ ಸೀಮೆಯಲ್ಲಿ ಹೊರಗಿನವನೊಬ್ಬ 12 ವರ್ಷ ಹೇಗೆ ದುಡಿದ? ತಾನು ತೀರ್ಮಾನ ಮಾಡಬಹುದಿತ್ತು, ಮಾಡಿದ್ದು ಕಣ್ಣೆದುರು ಕಾಣುತ್ತಿತ್ತು. ನಮ್ಮ ಶಿಕ್ಷಕರಿಗೆ ಅಂಥ ಅಧಿಕಾರ ಎಲ್ಲಿಂದ ಬರಬೇಕು? ಆದರೆ ವೇಳಾಪಟ್ಟಿ ಹೇಗಿರಬೇಕು, ಹಿಂದುಳಿದ ಮಕ್ಕಳನ್ನು ಯಾವ ಹೊತ್ತಿಗೆ ಕೂಡಿಸಬೇಕು, ಪ್ರಯೋಗಾಲಯಕ್ಕೆ ಏನು ತರಬೇಕು, ಇಷ್ಟನ್ನಾದರೂ ಅವರಿಗೇ ಬಿಡಬಹುದು. ಬಿಟ್ಟಾಗ ನನ್ನ ಶಾಲೆಗಳಲ್ಲಿ ಕೆಲಸ ಕೆಟ್ಟದ್ದು ಕಡಿಮೆ, ಆದದ್ದೇ ಹೆಚ್ಚು.

ಬಂಧುಗಳೇ, ಈಗ ಕಾಲ ಬದಲಾಗಿದೆ. 371 ಜೆ ಬಂದ ಮೇಲೆ ನಮ್ಮ ಭಾಗದಲ್ಲಿ ಸಿ ವೃಂದದ ಶೇ 80, ಡಿ ವೃಂದದ ಶೇ 85 ಹುದ್ದೆಗಳು ಸ್ಥಳೀಯರಿಗೆ ಮೀಸಲು. ಇನ್ನು ಮುಂದೆ ಇಲ್ಲಿಗೆ ಬರುವ ಶಿಕ್ಷಕರಲ್ಲಿ ಹೆಚ್ಚಿನವರು ನಮ್ಮದೇ ಮಕ್ಕಳು. ಹೊರಗಿನವರು, ನಿಲ್ಲುವುದಿಲ್ಲ ಎಂಬ ನೆಪ ಇನ್ನು ನಡೆಯದು. ನಮ್ಮವರೇ ಬಂದು, ಅವರೂ ಪಟ್ಟಣ ಸೇರಲು ಅರ್ಜಿ ಬರೆಯುತ್ತಿದ್ದರೆ ತಪ್ಪು ಅರ್ಜಿ ಬರೆದವರದು ಮಾತ್ರವಲ್ಲ. ಹಾಗೆಂದು ಶಿಕ್ಷಕರನ್ನು ನಾನು ಪೂರ್ತಿ ಬಿಟ್ಟುಕೊಡುವುದಿಲ್ಲ. ಎಲ್ಲ ಸೌಕರ್ಯ ಇದ್ದೂ ಪಾಠ ಮಾಡದವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ನೋಟಿಸ್ ಕೊಡಲೇಬೇಕು. ಆದರೆ ಮೊದಲು ಕೇಳಿ, ಆಮೇಲೆ ಬರೆಯಿರಿ.

ಕೊನೆಗೆ ಮೂರು ಕೋರಿಕೆ. ಹಳೆಯ ವಿದ್ಯಾರ್ಥಿಗಳು ಕಮಾನು ಕಟ್ಟಿಸಬೇಕೆಂದು ಹಣ ಕೂಡಿಸುತ್ತಿದ್ದೀರಿ ಎಂದು ಕೇಳಿದೆ. ಕಮಾನು ಮುಂದಿನ ವರ್ಷವೂ ಆದೀತು. ಈ ವರ್ಷ ಎರಡು ಕೋಣೆಯ ಒಂದು ಮನೆಯನ್ನು ಶಿಕ್ಷಕರಿಗೆಂದು ಸಿದ್ಧ ಮಾಡಿ, ಯಾವ ಜಾತಿಯವರು ಬಂದರೂ ಕೀಲಿಕೈ ಕೊಡಿ. ಊರಿನ ಹಿರಿಯರು, ಹೊಸ ಶಿಕ್ಷಕರು ಬಂದ ಮೊದಲ ವಾರದಲ್ಲಿ ಶಾಲೆಗೆ ಹೋಗಿ ಅವರಿಗೆ ಏನು ತೊಂದರೆ ಇದೆ ಎಂದು ಕೇಳಿ. ಈ ಸ್ಮರಣ ಸಂಚಿಕೆಯ ಸಂಪಾದಕರು, ಶಿಕ್ಷಕರ ಪಟ್ಟಿಯ ಪಕ್ಕದಲ್ಲೇ 50 ವರ್ಷಗಳ ಜವಾನರು, ಗುಮಾಸ್ತರು, ಅತಿಥಿ ಶಿಕ್ಷಕರು, ಅಡುಗೆಯ ತಾಯಂದಿರು, ಎಲ್ಲರ ಹೆಸರನ್ನೂ ಅಚ್ಚು ಹಾಕಿಸಿ. ಯಾರದಾದರೂ ಹೆಸರು ದಾಖಲೆಯಲ್ಲಿ ಸಿಗದಿದ್ದರೆ ಊರಲ್ಲಿ ಕೇಳಿ. ಊರಿಗೆ ನೆನಪಿರುತ್ತದೆ.