ಹಸಿರು ಶಾಲಿನಿಂದ ಮತಪೆಟ್ಟಿಗೆಯವರೆಗೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಹಕಾರ ಸಂಘದ ಬೆಳ್ಳಿಹಬ್ಬದಲ್ಲಿ ರಾಜಕೀಯ ಪಕ್ಷದ ಮಾತೇಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಾವು ಇಲ್ಲಿ ಯಾರ ಪರವಾಗಿಯೂ ಓಟು ಕೇಳಲು ನಿಂತಿಲ್ಲ. ಈ ಸಂಘದಲ್ಲಿ ಎಲ್ಲ ಪಕ್ಷದವರೂ ಇದ್ದೇವೆ, ಅದು ಹಾಗೇ ಇರಲಿ. ಆದರೆ ಸಾಲ, ಬೆಲೆ, ಜಪ್ತಿ, ವಸೂಲಿ ಎಂಬ ಮಾತು ಬಂದಾಗಲೆಲ್ಲ ರೈತ ಸಂಘದ ಹೆಸರು ಬಂದೇ ಬರುತ್ತದೆ. ಆ ಸಂಘದ ಬೇರಿನಿಂದ ಚಿಗುರಿದ ಚಿಕ್ಕ ಪಕ್ಷ ಸರ್ವೋದಯ ಕರ್ನಾಟಕ. ಅದು ಹೇಗೆ ಹುಟ್ಟಿತು, ಏನು ಬಯಸಿತು ಎಂಬುದರಲ್ಲಿ ಸಹಕಾರ ಸಂಘ ನಡೆಸುವ ನಮಗೂ ಪಾಠವಿದೆ.

ಮೊದಲು 1980ಕ್ಕೆ ಹೋಗೋಣ. ಮಲಪ್ರಭಾ ಹೊಳೆಗೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಆಯಿತು. ನೀರು ಬಂದರೆ ಭೂಮಿಯ ಬೆಲೆ ಏರುತ್ತದೆ, ಆದ್ದರಿಂದ ರೈತ ಅಭಿವೃದ್ಧಿ ಕರ ಕಟ್ಟಬೇಕು ಎಂದಿತು ಸರ್ಕಾರ. ಎಷ್ಟೋ ಹೊಲಗಳಿಗೆ ಸರಿಯಾಗಿ ನೀರೇ ತಲುಪಿರಲಿಲ್ಲ. ಕರದ ನೋಟೀಸು ಮಾತ್ರ ತಲುಪಿತು. ಹತ್ತಿಯ ಬೆಲೆಯೂ ಬಿದ್ದಿತ್ತು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು, ರೈತರು ಸತ್ತರು. ನರಗುಂದದಲ್ಲಿ ಪೊಲೀಸರ ಜೀವವೂ ಹೋಯಿತು. ಇಂದಿಗೂ ಪ್ರತಿ ವರ್ಷ ಆ ದಿನ ಅಲ್ಲಿ ರೈತ ಹುತಾತ್ಮ ದಿನ ನಡೆಯುತ್ತದೆ.

ಇತ್ತ ಶಿವಮೊಗ್ಗದ ಕಡೆ ಕಬ್ಬು ಬೆಳೆಗಾರರು ಮೊದಲೇ ಸಂಘಟಿತರಾಗಿದ್ದರು. ಅದು 1951ರಲ್ಲಿ ಕಾಗೋಡು ಗೇಣಿದಾರರ ಸತ್ಯಾಗ್ರಹ ನಡೆದ ಸೀಮೆ, ಸಮಾಜವಾದದ ಗಾಳಿ ಬೀಸಿದ ನೆಲ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಾನೂನಿನ ಪಾಠ ಹೇಳುತ್ತಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮುಂತಾದವರು ಸೇರಿ 1980ರಲ್ಲೇ ಕರ್ನಾಟಕ ರಾಜ್ಯ ರೈತ ಸಂಘವನ್ನು ಕಟ್ಟಿದರು. ಹೆಗಲ ಮೇಲೆ ಹಸಿರು ಶಾಲು ಬಂತು. ಅದುವರೆಗೆ ಕಚೇರಿ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನು ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತ. ಇದೇನೂ ಸಣ್ಣ ಬದಲಾವಣೆಯಲ್ಲ.

ಅವರ ಗುರಿಗಳೇನು? ಬೆಳೆಗೆ ಖರ್ಚಿನ ಲೆಕ್ಕ ಹಾಕಿ ವೈಜ್ಞಾನಿಕ ಬೆಲೆ ಕೊಡಬೇಕು ಎಂಬುದು ಮೊದಲನೆಯದು. ಹಳ್ಳಿಯ ಆಡಳಿತ ಹಳ್ಳಿಯವರ ಕೈಗೇ ಬರಬೇಕು ಎಂಬುದು ಎರಡನೆಯದು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಊರ ಬಾಗಿಲಲ್ಲೇ ಬೋರ್ಡು ಹಾಕಿದ್ದರು. ಮದುವೆಗೆ ಸಾಲ ಮಾಡಿ ಮುಳುಗಬೇಡಿ, ಕುವೆಂಪು ಹೇಳಿದ ಮಂತ್ರ ಮಾಂಗಲ್ಯದಂತೆ ಸರಳವಾಗಿ ಮಾಡಿಕೊಳ್ಳಿ ಎಂದರು. ಬೀಜ ರೈತನ ಕೈಯಲ್ಲೇ ಉಳಿಯಬೇಕು, ಕಂಪನಿಯ ಪಾಲಾಗಬಾರದು ಎಂದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಾಗದ ಪತ್ರಗಳನ್ನು ಹೊರಗೆ ತಂದು ಸುಟ್ಟದ್ದು ಆ ಕಾಲದಲ್ಲೇ. ಆ ದಾರಿ ಸರಿಯೋ ತಪ್ಪೋ, ನಮ್ಮಲ್ಲೂ ಒಂದೇ ಮಾತಿಲ್ಲ. ಆದರೆ ಬೀಜದ ಪ್ರಶ್ನೆಯನ್ನು ಹಳ್ಳಿಯ ಜಗಲಿಗೆ ತಂದವರು ಅವರು. 2001ರ ಸಸ್ಯ ತಳಿ ಕಾಯಿದೆಯಲ್ಲಿ ಬೀಜ ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ ಹಕ್ಕು ರೈತನಿಗೆ ಬರೆದು ಸಿಕ್ಕಿತು.

ಇನ್ನು ಸಾಲದ ವಿಚಾರ. ಬೆಳೆಗೆ ನ್ಯಾಯವಾದ ಬೆಲೆ ಕೊಡದೆ ಸರ್ಕಾರ ರೈತನಿಂದ ಕಿತ್ತುಕೊಂಡದ್ದೇ ಅವನ ಸಾಲಕ್ಕಿಂತ ಹೆಚ್ಚು, ಆದ್ದರಿಂದ ಬಾಕಿದಾರ ಸರ್ಕಾರವೇ ಹೊರತು ರೈತನಲ್ಲ ಎಂಬುದು ಅವರ ವಾದ. ಜಪ್ತಿ ಮಾಡಿದ ಸಾಮಾನುಗಳನ್ನು ಗುಂಪಾಗಿ ಹೋಗಿ ವಾಪಸು ತಂದರು. ಅದಕ್ಕೆ ಮರುಜಪ್ತಿ ಅಂತ ಹೆಸರಾಯಿತು. ಪಾತ್ರೆ, ಬಾಗಿಲು ಕಳಕೊಂಡ ಮನೆಯವರ ಮಾನ ಉಳಿಸಿದ ಕೆಲಸ ಅದು.

ಆದರೆ ಇಲ್ಲಿ ನಾವು ಒಂದು ಮಾತು ಬಿಡಿಸಿ ಹೇಳಬೇಕು. ಸರ್ಕಾರ ಬಾಕಿದಾರ ಎಂಬ ವಾದ ನಮ್ಮ ಸಂಘಕ್ಕೆ ಹಾಗೇ ಹೊಂದುವುದಿಲ್ಲ. ಇಲ್ಲಿರುವ ಷೇರು ಹಣ, ಠೇವಣಿ ನಮ್ಮದೇ. ಮಗಳ ಮದುವೆಗೆ ಅಂತ ಕೂಡಿಟ್ಟ ವಿಧವೆಯ ದುಡ್ಡೂ ಅದರಲ್ಲಿ ಇರುತ್ತೆ. ಇಲ್ಲಿ ಕಟ್ಟದೆ ಉಳಿದರೆ ಬಾಕಿ ಬೀಳುವುದು ಪಕ್ಕದ ಮನೆಯವನಿಗೆ. ಮನ್ನಾ ಮಾಡಿ ಅಂತ ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ. ಮನ್ನಾ ಆಗುತ್ತೆ ಅಂತ ಕಾಯುತ್ತಾ ಕೂತರೆ ಸಂಘ ಮುಚ್ಚುತ್ತೆ.

ಚುನಾವಣೆಯ ಕಥೆ ಬೇರೆ. 1983ರಲ್ಲಿ ಗುಂಡೂರಾವ್ ಸರ್ಕಾರ ಸೋತದ್ದಕ್ಕೆ ರೈತರ ಸಿಟ್ಟೂ ಒಂದು ಕಾರಣವಾಯಿತು. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದಿಂದ ಪ್ರೊಫೆಸರ್ ವಿಧಾನಸಭೆಗೆ ಬಂದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಮೈದಾನ ತುಂಬಿದಷ್ಟು ಮತಪೆಟ್ಟಿಗೆ ಎಂದೂ ತುಂಬಲಿಲ್ಲ. ಹೋರಾಟದ ದಿನ ರೈತರಾಗಿದ್ದವರು ಓಟಿನ ದಿನ ಜಾತಿಯವರಾದರು, ಪಕ್ಷದವರಾದರು. ಒಳಜಗಳವೂ ಬಂತು, ಬಣಗಳೂ ಆದವು. ಬಾಬಾಗೌಡರು ಬೇರೆ ಪಕ್ಷಕ್ಕೆ ಹೋಗಿ 1998ರಲ್ಲಿ ಕೇಂದ್ರದ ಮಂತ್ರಿಯಾದರು. 2004ರಲ್ಲಿ ಪ್ರೊಫೆಸರ್ ತೀರಿಕೊಂಡರು.

ಇನ್ನೊಂದು ಕೊರತೆಯೂ ಇತ್ತು. ಭೂಮಿ ಇದ್ದವನ ಬೆಲೆಯ ಮಾತಾಯಿತು, ಅವನ ಹೊಲದಲ್ಲಿ ಕೂಲಿ ಮಾಡುವವನ ಮಾತೇನು ಅಂತ ದಲಿತರು, ಭೂಹೀನರು ಕೇಳಿದರು. ನ್ಯಾಯವಾದ ಪ್ರಶ್ನೆ ಅದು. ಅದಕ್ಕೆ ಉತ್ತರ ಹುಡುಕುತ್ತಲೇ 2005ರಲ್ಲಿ ಸಾಹಿತಿ ದೇವನೂರ ಮಹಾದೇವ ಅವರ ಮುಂದಾಳತ್ವದಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಹುಟ್ಟಿತು. ರೈತ ಚಳವಳಿ, ದಲಿತ ಚಳವಳಿ ಎರಡೂ ಒಂದೇ ಬಂಡಿಯ ಎತ್ತುಗಳಾಗಬೇಕು ಎಂಬುದು ಅದರ ಆಸೆ. 2013ರಲ್ಲಿ ಪುಟ್ಟಣ್ಣಯ್ಯನವರು ಮೇಲುಕೋಟೆಯಿಂದ ಈ ಪಕ್ಷದ ಶಾಸಕರಾದರು. 2018ರ ಫೆಬ್ರವರಿಯಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗಲೇ ಅವರು ಕುಸಿದು ತೀರಿಕೊಂಡರು. 2023ರಲ್ಲಿ ಅವರ ಮಗ ದರ್ಶನ್ ಅದೇ ಕ್ಷೇತ್ರದಿಂದ, ಕಾಂಗ್ರೆಸ್ಸಿನ ಬೆಂಬಲ ಪಡೆದು, ಇದೇ ಪಕ್ಷದ ಹೆಸರಲ್ಲಿ ಗೆದ್ದರು. ಇಡೀ ರಾಜ್ಯದಲ್ಲಿ ಒಂದೇ ಸ್ಥಾನ. ಪಕ್ಷ ಚಿಕ್ಕದೇ, ಎತ್ತಿದ ಪ್ರಶ್ನೆ ಚಿಕ್ಕದಲ್ಲ.

ಬಂಧುಗಳೇ, ಆ ಪ್ರಶ್ನೆ ನಮ್ಮ ಸಂಘದ ಬಾಗಿಲಲ್ಲೂ ನಿಂತಿದೆ. ಪಹಣಿ ಇದ್ದವರಿಗೆ ಬೆಳೆಸಾಲ ಸಿಗುತ್ತೆ. ಗುತ್ತಿಗೆಗೆ ಮಾಡುವವರು, ಕೂಲಿಯವರು, ಹೆಣ್ಣುಮಕ್ಕಳು ಎಷ್ಟು ಜನ ನಮ್ಮ ಸದಸ್ಯರ ಪುಸ್ತಕದಲ್ಲಿದ್ದಾರೆ? ವಾರ್ಷಿಕ ಮಹಾಸಭೆಯಲ್ಲಿ ಎಷ್ಟು ಜನ ಬಾಯಿ ಬಿಡುತ್ತಾರೆ? ಹತ್ತು ಎಕರೆಯವನಿಗೂ ಒಂದೇ ಓಟು, ಗೇಣು ಜಾಗದವನಿಗೂ ಒಂದೇ ಓಟು ಎಂಬುದು ಸಹಕಾರದ ನಿಯಮ. ಮಹಾಸಭೆಗೆ ಬನ್ನಿ, ಲೆಕ್ಕ ಕೇಳಿ, ಕಂತು ಕಟ್ಟಿ, ಇನ್ನೂ ಹೊರಗೆ ನಿಂತವರನ್ನು ಒಳಗೆ ಕರೆದುಕೊಂಡು ಬನ್ನಿ. ಬೀದಿಯಲ್ಲಿ ಗಟ್ಟಿಯಾಗಿ ಕೂಗಿದವರು ಮನೆಯೊಳಗೆ ಒಗ್ಗಟ್ಟು ಉಳಿಸಿಕೊಳ್ಳದೆ ಸೊರಗಿದ್ದನ್ನು ಕಂಡಿದ್ದೇವೆ. ನಮ್ಮ ಸಂಘಕ್ಕೆ ಹಾಗಾಗುವುದು ಬೇಡ.